ಗುಂಡಿಗೆ ಹೇಳಿದ ಹೆಸರು

ನಮ್ಮೂರಿನಲ್ಲಿ ಬಂದೂಕಿನ ಗುಂಡು ಹಾರುವುದಿಲ್ಲ, ನಡೆಯುತ್ತದೆ. ಸಂಜೆ ಮೇಯ್ದು ಮನೆಗೆ ಮರಳುವ ಎಮ್ಮೆಯ ನಡಿಗೆ ಅದರದು. ಆಳೆತ್ತರದಲ್ಲಿ ಗುಂಯ್ ಎನ್ನುತ್ತ, ಗುಂಡು ಬಿಟ್ಟವನ ಬಾಯಲ್ಲಿ ಆ ಕ್ಷಣ ಯಾರ ಹೆಸರು ಬಂದಿತ್ತೋ ಅವರನ್ನು ಹುಡುಕಿಕೊಂಡು ಹೋಗುತ್ತದೆ. ಮುಚ್ಚಿದ ಬಾಗಿಲನ್ನು ದೂಡುವುದಿಲ್ಲ, ಬೇರೆ ಬಾಗಿಲು ಹುಡುಕುವುದಿಲ್ಲ, ಹೊಸ್ತಿಲ ಹೊರಗೆ ಕಾಯುತ್ತದೆ. ಊರ ಅಗಸೆ ಬಾಗಿಲನ್ನು ದಾಟುವುದಿಲ್ಲ. ಹೀಗಾಗಿ ನಮ್ಮಲ್ಲಿ ಗುಂಡೇಟಿಗೆ ಸತ್ತವರು ಕಡಿಮೆ. ತನ್ನ ಹೆಸರಿನ ಗುಂಡು ಹೊರಟಿದೆಯೆಂದು ತಿಳಿದವನು ಸಾವಕಾಶವಾಗಿ ಊಟ ಮುಗಿಸಿ, ನಾಲ್ಕು ಗಂಟೆಯ ಬಸ್ಸು ಹಿಡಿದು ಹೆಂಡತಿಯ ತವರಿಗೆ ಹೋಗಿಬಿಡುತ್ತಾನೆ. ಸತ್ತವರೆಂದರೆ ನಮ್ಮ ಮಾವನವರ ಕಾಲದ ಇಬ್ಬರು. ಒಬ್ಬನಿಗೆ ನಿದ್ದೆ ಜಾಸ್ತಿ, ಇನ್ನೊಬ್ಬನಿಗೆ ಹಟ ಜಾಸ್ತಿ.

ಗುಂಡಿಗೆ ಹೆಸರೆಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿರುವುದಲ್ಲ, ಜನರ ಬಾಯಲ್ಲಿರುವುದು. ನಮ್ಮತ್ತೆ ಒಂದು ಕಥೆ ಹೇಳುತ್ತಿದ್ದರು. ಹಿಂದೆ ಯಾರೋ ತನ್ನ ದಾಯಾದಿಯ ಮೇಲೆ ಸಿಟ್ಟಾಗಿ "ಗಿಡ್ಡ" ಎಂದು ಕೂಗಿ ಗುಂಡು ಬಿಟ್ಟನಂತೆ. ದಾಯಾದಿ ಬಸ್ಸು ಹತ್ತಿದ. ಗುಂಡು ಊರೆಲ್ಲ ತಿರುಗುತ್ತಿರುವಾಗ ಗಾಣದ ಮನೆಯ ಮುದುಕಿ ತನ್ನ ಮಗನನ್ನು ಗಿಡ್ಡಾ, ಉಣ್ಣಲಿಕ್ಕೆ ಬಾ ಎಂದು ಕರೆದಳು. ಸರಿ, ಗುಂಡು ಅವರ ಬಾಗಿಲಿಗೆ ಬಂದು ನಿಂತಿತು. ಮುದುಕಿ ಹೆದರಲಿಲ್ಲ. ಹೊಸ್ತಿಲ ಮೇಲೆ ನಿಂತು, ಹಾಗೆ ಕರೆಯುವವಳು ನಾನು, ಇವನ ಹೆಸರು ಚಂದ್ರಶೇಖರ ಎಂದು ಗುಂಡಿಗೇ ಹೇಳಿದಳು. ಅದು ನಾಚಿಕೊಂಡಂತೆ ಅಲ್ಲೇ ಬಿತ್ತು. ಕರೆದವರೇ ಎದುರು ನಿಂತು ಸರಿಯಾದ ಹೆಸರು ಹೇಳಿದರೆ ಗುಂಡು ಮಲಗುತ್ತದೆ, ಮತ್ತೆ ಹಾಗೆ ಕರೆದರೆ ಏಳುತ್ತದೆ. ಆ ಗುಂಡು ಈಗಲೂ ಗಾಣದ ಮನೆಯ ಗೂಡಿನಲ್ಲಿದೆ. ಅವರ ಮನೆಯಲ್ಲಿ ಗಿಡ್ಡವಾದದ್ದನ್ನೆಲ್ಲ "ಉದ್ದ ಇಲ್ಲದ್ದು" ಎನ್ನುತ್ತಾರೆ.

ನಮ್ಮದು ಹಿಟ್ಟಿನ ಗಿರಣಿ. ಊರಿಗೆಲ್ಲ ನಾನು ಗಿರಣಿ ಅಕ್ಕ, ನಮ್ಮವರು ಗಿರಣಿ ಸಾವ್ಕಾರರು. ಅವರ ಹೆಸರನ್ನು ನಾನು ಹೇಳುವಂತಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಿವಿ ಹಿಂಡಿ ಕಳಿಸಿದ್ದಳು. ಹೇಳಲೇಬೇಕಾದರೆ ಒಡಪಿನೊಳಗೆ ಇಟ್ಟು ಹೇಳಬೇಕು, ಅದಕ್ಕೆ ದೋಷವಿಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳು, ಒಳಗೆ ಬಾ ಎಂದು ಹಟ ಹಿಡಿದರು. ನಮ್ಮ ಚಿಕ್ಕಮ್ಮ ಒಂದು ಒಡಪು ಕಲಿಸಿಕೊಟ್ಟಿದ್ದಳು. "ಗಿರಣಿಗೆ ಚಂದ ಜ್ವಾಳದ ಹಿಟ್ಟು, ಹಣಿಗೆ ಚಂದ ಕುಂಕುಮದ ಬೊಟ್ಟು, ಇಂಥವರ ಮನಿಗೆ ಬಂದೀನಿ ತವರ ಬಿಟ್ಟು." ಇಂಥವರು ಎನ್ನುವಲ್ಲಿ ಹೆಸರು ಹಾಕಬೇಕು. ಬೊಟ್ಟಿನವರೆಗೆ ಹೇಳಿದ್ದೆ, ಅಷ್ಟರಲ್ಲಿ ನಮ್ಮ ಮಾವನವರು ಗಿರಾಕಿಗಳು ಕಾದಿದ್ದಾರೆಂದು ಗಿರಣಿ ಚಾಲೂ ಮಾಡಿದರು. ಆ ದಡಬಡದಲ್ಲಿ ನಾನು ಬರೀ ತುಟಿ ಆಡಿಸಿದೆ. ನಾದಿನಿಯರು ಹೇಳಿದಳೆಂದೇ ತಿಳಿದು ದಾರಿ ಬಿಟ್ಟರು. ಹೆಸರು ಹೇಳದೆ ಮನೆ ತುಂಬಿದವಳು ನಾನು.

ಆದರೆ ಕರೆಯಲಿಕ್ಕೆ ಏನಾದರೂ ಬೇಕಲ್ಲ? ನಾಲ್ಕು ಜನರ ಎದುರಿಗೆ "ರೀ" ಇದ್ದೇ ಇದೆ. ಇಬ್ಬರೇ ಇದ್ದಾಗ ಬೇರೆ. ಹೊಸತರಲ್ಲಿ ನಮ್ಮವರು ಗಿರಣಿಯಿಂದ ಮೈತುಂಬ ಹಿಟ್ಟು ಬಳಿದುಕೊಂಡು ಬಂದು, ನಾನು ಚಕ್ಕುಲಿ ಕರಿಯುತ್ತಿದ್ದರೆ ಹಿಂದಿನಿಂದ ಕೈಹಾಕಿ ಒಂದನ್ನು ಎಗರಿಸುತ್ತಿದ್ದರು. ಅತ್ತೆ ಬಂದು ಎಣಿಕೆ ಕೇಳಿದರೆ ನಾನೇ ತಿಂದೆ ಎನ್ನಬೇಕು. ಡಬ್ಬಿಯ ಮುಚ್ಚಳದ ಮೇಲೆ ಮಾತ್ರ ಐದು ಬೆರಳಿನ ಬಿಳಿ ಗುರುತು. ಒಂದು ದಿನ ಕೈಹಿಡಿದು "ಕಳ್ಳ" ಎಂದೆ. ನಕ್ಕರು. ಅಂದಿನಿಂದ ಅವರಿಗೆ ನನ್ನ ಬಾಯಲ್ಲಿ ಅದೇ ಹೆಸರು. ಇಪ್ಪತ್ತೆಂಟು ವರ್ಷದಲ್ಲಿ ಆ ಮಾತು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಹೊರಗೆ ಅವರೆಂದರೆ ಕರಿ ಟೊಪ್ಪಿಗೆ, ಗಂಟುಮುಖ, ತೂಕದ ಮಾತು. ಅಂಥವರನ್ನು ಹೆಂಡತಿ ಹೀಗೆ ಕರೆಯುತ್ತಾಳೆಂದು ಗೊತ್ತಾದರೆ ಊರು ನಾಲ್ಕು ದಿನ ನಗುತ್ತಿತ್ತು.

ಇನ್ನು ನಿಜವಾದ ಕಳವಿನ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಕಳವು ಮಧ್ಯಾಹ್ನದ ಕೆಲಸ. ಗಿರಣಿ ಓಡುವ ಹೊತ್ತಿನಲ್ಲಿ ಪಕ್ಕದ ಓಣಿಯಲ್ಲಿ ಮನೆ ಕಿತ್ತುಕೊಂಡು ಹೋದರೂ ಕೇಳುವುದಿಲ್ಲ, ಮೇಲಾಗಿ ಊರು ಊಟವಾಗಿ ಅಡ್ಡಾಗಿರುತ್ತದೆ. ತಿಂಗಳಿಗೆ ಐದು ಕಳವು, ಮಳೆ ಬರಲಿ ಬಿಸಿಲು ಬರಲಿ. ಯಾರು ಮಾಡುತ್ತಾರೆಂದು ಎಲ್ಲರಿಗೂ ಅಂದಾಜಿತ್ತು. ಸುಣ್ಣದ ತಿಪ್ಪೇಶಿ. ಮನೆಮನೆಗೆ ಸುಣ್ಣ ಬಳಿಯುವವನು, ಯಾವ ಮನೆಯ ಯಾವ ಮೂಲೆಯಲ್ಲಿ ಏನಿದೆ ಎಂಬುದು ಮನೆಯವರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಕಣ್ಣಾರೆ ಕಂಡವರಿಲ್ಲ, ಬಾಯಿಬಿಟ್ಟು ಅಂದವರಂತೂ ಇಲ್ಲವೇ ಇಲ್ಲ. ಅಂದರೆ ಹಬ್ಬಕ್ಕೆ ಗೋಡೆಗೆ ಸುಣ್ಣ ಯಾರು ಬಳಿಯಬೇಕು? ಏನಾದರೂ ಕಾಣೆಯಾದರೆ ಅವನು ಏಣಿಯ ಮೇಲಿರುವಾಗ ಕೆಳಗಿನಿಂದ, ಯಾಕೋ ನಮ್ಮ ಕೊಳಗ ಕಾಣವಲ್ಲದು ತಿಪ್ಪೇಶಿ ಎಂದು ಗಾಳಿಗೆ ಹೇಳಿದ ಹಾಗೆ ಹೇಳಬೇಕು. ಒಮ್ಮೊಮ್ಮೆ ಅದು ತಾನಾಗಿ ಹಿತ್ತಲಿಗೆ ಬಂದು ಕೂತಿರುತ್ತಿತ್ತು.

ಆ ವರ್ಷ ನಮ್ಮ ತಾಮ್ರದ ಹಂಡೆ ಹೋಯಿತು. ನಮ್ಮವರ ಅಜ್ಜಿ ಆ ಹಂಡೆಯಲ್ಲೇ ಅವರಿಗೆ ನೀರು ಕಾಯಿಸಿ ಹಾಕಿದ್ದು. ಗಾಳಿಗೆ ಹೇಳುವುದಕ್ಕೆ ಅವರು ಒಪ್ಪಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಮನೆ ಹೊಕ್ಕವರ ಮೇಲೆ ಮನೆಯವರೇ ಗುಂಡು ಹಾರಿಸಿದ ಮೇಲೆ ಕಳವು ಅರ್ಧಕ್ಕಿಳಿಯಿತು ಎಂದು ಪತ್ರಿಕೆಯಲ್ಲಿ ಓದಿಕೊಂಡಿದ್ದರು. ಆ ತುಂಡನ್ನು ಕತ್ತರಿಸಿ ಗಿರಣಿಯ ಗೋಡೆಗೆ ಅಂಟಿಸಿದರು. ಪಡಸಾಲೆಯಲ್ಲಿ ಅಜ್ಜನ ಕಾಲದ ಬಂದೂಕು ತೂಗುಹಾಕಿತ್ತು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಚೆಂಡುಹೂವು ಕಾಣುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅದನ್ನು ಇಳಿಸಿ ಎಣ್ಣೆ ಹಾಕಿದರು. ಮನೆ ಕಾವಲು ಸಮಿತಿ ಎಂದೊಂದು ಕಟ್ಟಿ ತಾವೇ ಅಧ್ಯಕ್ಷರಾದರು.

"ಒಂದು ಗುಂಡು ಸಾಕು," ಎಂದರು ಗಿರಣಿಯ ಕಟ್ಟೆಯ ಮೇಲೆ ಕೂತು, "ಹತ್ತು ವರ್ಷ ಈ ಊರಾಗ ಯಾವನೂ ಗ್ವಾಡಿ ಹಾರೂದಿಲ್ಲ."

ಹಂಪಣ್ಣ ಮಾಸ್ತರರು ಜೋಳ ಬೀಸಿಸಲು ಬಂದಿದ್ದರು. ಶಾಲೆಯಲ್ಲಿ ಲೆಕ್ಕ ಕಲಿಸುವವರು, ಯಾವ ಮಾತನ್ನೂ ಜರಡಿ ಹಿಡಿಯದೆ ಒಳಗೆ ಬಿಟ್ಟುಕೊಂಡವರಲ್ಲ. ಗೋಡೆಯ ಮೇಲಿನ ಪತ್ರಿಕೆಯ ತುಂಡನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

"ಕಡಿಮಿ ಆದದ್ದು ಕಳವೋ, ಕಳವಾತು ಅಂತ ಹೇಳೋರೋ?"

ನಮ್ಮವರು ಅವರ ಹಿಟ್ಟನ್ನು ಅಂದು ಸ್ವಲ್ಪ ತರಿ ಬೀಸಿ ಕೊಟ್ಟರು.

ಮುಂದಿನ ವಾರವೇ ಅದು ನಡೆಯಿತು. ನಮ್ಮವರಿಗೆ ಹೊಟ್ಟೆ ಕೆಟ್ಟು, ಗಿರಣಿಯನ್ನು ಆಳಿಗೆ ಒಪ್ಪಿಸಿ ಮನೆಯಲ್ಲಿ ಮಲಗಿದ್ದರು. ಆಳು ಗಿರಣಿ ನಿಲ್ಲಿಸಿದ್ದ ಗಳಿಗೆಯಲ್ಲಿ ಹಿತ್ತಲಲ್ಲಿ ಸಪ್ಪಳವಾಯಿತು. ಎದ್ದು ನೋಡಿದರೆ ತಲೆಗೆ ವಸ್ತ್ರ ಸುತ್ತಿಕೊಂಡ ಒಬ್ಬ ನಮ್ಮ ದೊಡ್ಡ ಜರಡಿಯನ್ನು ಬಗಲಲ್ಲಿ ಹಿಡಿದು ಗೋಡೆ ಹತ್ತುತ್ತಿದ್ದಾನೆ. ಮುಖ ಕಾಣಲಿಲ್ಲ. ಮುಖವೇ ಕಾಣದಿದ್ದರೆ ಯಾರ ಹೆಸರು ಹಿಡಿದು ಕೂಗುವುದು? ಜಗತ್ತಿನ ಯಾವ ಮನೆಯವನಾದರೂ ಏನು ಕೂಗುತ್ತಿದ್ದನೋ ನಮ್ಮವರೂ ಅದನ್ನೇ ಕೂಗಿದರು. "ಕಳ್ಳ!" ಎಂದು ಕೂಗಿದ್ದೂ ಬಂದೂಕು ಢಂ ಎಂದದ್ದೂ ಒಟ್ಟಿಗೆ. ಆ ಸಪ್ಪಳಕ್ಕೆ ಬೆದರಿ ಗೋಡೆಯ ಮೇಲಿದ್ದವನು ಜರಡಿ ಬಿಟ್ಟು ಆಚೆ ಉರುಳಿದ. ಗುಂಡು ನಳಿಗೆಯ ಬಾಯಲ್ಲಿ ಒಂದು ಗಳಿಗೆ ನಿಂತು, ಆಚೀಚೆ ನೋಡಿ, ಗೋಡೆ ದಾಟಿ ನಿಧಾನವಾಗಿ ಓಣಿಗೆ ಇಳಿಯಿತು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವರೂ ಬಂದೂಕು ಇಳಿಸಿ ನನ್ನ ಮುಖ ನೋಡಿದರು. ಏನು ಕೂಗಿಬಿಟ್ಟೆನೆಂದು ಅವರಿಗೂ ಆಗಲೇ ಹೊಳೆದಿತ್ತು.

"ಇನ್ನ ಮ್ಯಾಲ," ಎಂದರು ಮೆಲ್ಲಗೆ, "ನಿನ್ನ ಬಾಯಿ ನಿನ್ನ ಕೈಯಾಗಿರಲಿ."

ಅಂದಿನಿಂದ ನಮ್ಮವರ ಜೀವ ನನ್ನ ನಾಲಿಗೆಯ ತುದಿಯಲ್ಲಿತ್ತು. ಉತ್ಪ್ರೇಕ್ಷೆಯಲ್ಲ, ಇದ್ದದ್ದೇ ಹಾಗೆ.

ಗುಂಡು ಮೊದಲ ದಿನವೇ ತಿಪ್ಪೇಶಿಯ ಎದುರಿಗೆ ಹಾದುಹೋಯಿತು. ಕುಂಟುತ್ತ ಬರುತ್ತಿದ್ದವನು ಗೋಡೆಗೆ ಒರಗಿ ನಿಂತ. ಅದು ಅವನನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೋಡಲಿಕ್ಕೆ ಅವನನ್ನು ಯಾರಾದರೂ ಇವನೇ ಎಂದು ತಿಳಿದು ಹಾಗೆ ಕರೆದಿರಬೇಕಲ್ಲ? ಆದರೆ ಊರು ಬೇರೆಯೇ ಅರ್ಥ ಮಾಡಿಕೊಂಡಿತು. ಗುಂಡೇ ಬಿಟ್ಟ ಮೇಲೆ ತಿಪ್ಪೇಶಿ ಅಪರಂಜಿ, ಇಷ್ಟು ದಿನ ಸುಮ್ಮನೆ ಸಂಶಯಪಟ್ಟೆವಲ್ಲ ಎಂದು ಹೆಂಗಸರು ಅವನನ್ನು ಕರೆದು ಮಜ್ಜಿಗೆ ಕೊಟ್ಟರು.

ಹೆದರಿದವರು ಉಳಿದವರೆಲ್ಲ. ಆ ಮಾತು ಯಾರ ಮನೆಯಲ್ಲಿಲ್ಲ ಹೇಳಿ? ಅಜ್ಜಿಯರು ಮೊಮ್ಮಕ್ಕಳನ್ನು ಮುದ್ದು ಮಾಡುವುದು ಅದೇ ಮಾತಿನಲ್ಲಿ, ಗೆಳೆಯರು ಬೆನ್ನಿಗೆ ಗುದ್ದಿ ಬೈಯುವುದೂ ಅದರಲ್ಲೇ. ಈಗ ಎಲ್ಲರ ಬಾಯಿಗೂ ಬೀಗ ಬಿತ್ತು. ಮಕ್ಕಳ ಆಟ ಅಳಿಯ-ಪೊಲೀಸ್ ಆಯಿತು. ಗಾದೆಗಳನ್ನು ತಿದ್ದಬೇಕಾಯಿತು. ಕುಂಬಳಕಾಯಿ ಇಂಥವನು ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಶುರುವಾಯಿತು. ಹಂಪಣ್ಣ ಮಾಸ್ತರರು ತರಗತಿಯಲ್ಲಿ ಯಾರನ್ನೋ ಮೈಗಳ್ಳ ಎಂದರಂತೆ, ಬೀದಿಯಲ್ಲಿದ್ದ ಗುಂಡು ಅರ್ಧ ತಿರುಗಿ, ಪೂರ್ತಿ ಖಾತ್ರಿಯಾಗದೆ ಮುಂದೆ ಹೋಯಿತಂತೆ. ಕೆರೆದಂಡೆಯ ಕಳ್ಳಿಬೇಲಿಯ ಹತ್ತಿರ ಒಂದು ಇಡೀ ಬೆಳಗ್ಗೆ ನಿಂತು ಯೋಚನೆ ಮಾಡಿತ್ತು. ಎದುರುಮನೆಯ ಕಲ್ಲವ್ವ, ಯಾರಾದರೂ ನಾಲಿಗೆ ಹೊರಳದವರು ತನ್ನನ್ನು ಕರೆದಾರು ಎಂದು ಹೆದರಿ ನನ್ನನ್ನು ಇನ್ನು ಮೇಲೆ ಗಂಗವ್ವ ಎನ್ನಿರಿ ಎಂದು ಮನೆಮನೆಗೆ ಹೇಳಿಬಂದಳು.

ಬಾಯಿಯನ್ನು ನಂಬಲಾರದವರು ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತರು. ಕೆಲವರು ನಾಲ್ಕು ಗಂಟೆಯ ಬಸ್ಸಿನ ಹಾದಿ ಹಿಡಿದರು. ಅದನ್ನು ಕಂಡು ನಮ್ಮವರು ಬಸ್ ಸ್ಟ್ಯಾಂಡಿನಲ್ಲಿ ಒಂದು ಹಲಗೆ ತೂಗುಹಾಕಿಸಿ ಸುಣ್ಣದ ಕಡ್ಡಿಯಿಂದ ಬರೆದರು: ಗುಂಡಿಗೆ ಹೆದರಿ ಬಸ್ಸು ಹತ್ತಿದವನೇ ಇಂಥವನು. ಅಲ್ಲಿಗೆ ಯಾರೂ ಬಸ್ಸು ಹತ್ತುವಂತಿರಲಿಲ್ಲ. ಆ ಹಲಗೆ ತಮಗೇ ಒಂದು ದಿನ ಅಡ್ಡ ಬಂದೀತೆಂದು ಆಗ ಅವರ ತಲೆಗೆ ಹೊಳೆಯಲಿಲ್ಲ.

ಹೊರಗೆ ಆರಾಮವಾಗಿ ಓಡಾಡುತ್ತಿದ್ದವನು ತಿಪ್ಪೇಶಿ ಒಬ್ಬನೇ. ಒಬ್ಬರು ಹಾಲು ತಂದುಕೊಡು ಎಂದರೆ ಇನ್ನೊಬ್ಬರು ಹೊಲದ ಮನೆಯ ಬೀಗದ ಕೈ ಕೊಟ್ಟು, ಒಳಗಿನಿಂದ ಮೆಣಸಿನಕಾಯಿ ಚೀಲ ತಾ ಎನ್ನುತ್ತಿದ್ದರು. ಉಡಿದಾರಕ್ಕೆ ಹನ್ನೆರಡು ಮನೆಯ ಬೀಗದ ಕೈ ಕಟ್ಟಿಕೊಂಡು, ಕುಂಟುತ್ತ, ಝಣಝಣ ಎನ್ನುತ್ತ ಓಡಾಡುತ್ತಿದ್ದ. ಕಳವು ಒಂದೂ ಆಗಲಿಲ್ಲ. ಹತ್ತು ದಿನ, ಇಪ್ಪತ್ತು ದಿನ, ನಲವತ್ತು ದಿನವಾಯಿತು, ಒಂದು ಚಮಚವೂ ಆಚೀಚೆಯಾಗಲಿಲ್ಲ.

ಗಿರಣಿಯ ಕಟ್ಟೆಯ ಮೇಲೆ ದಿನವೂ ಇದೇ ವಾದ. ನಮ್ಮವರಿಗೆ ಗೆಲುವು ಮುಖದ ಮೇಲೇ ಬರೆದಿತ್ತು. ಒಂದೇ ಗುಂಡು, ಅದೂ ಯಾರಿಗೂ ತಾಗಿಲ್ಲ, ಊರು ಶುದ್ಧ ಎನ್ನುತ್ತಿದ್ದರು. ಮಾಸ್ತರರು ತಲೆಯಾಡಿಸುತ್ತಿದ್ದರು. ಮೂರು ಹೊತ್ತೂ ಮನೆಮಂದಿ ಒಳಗೇ ಕೂತರೆ ಗುಂಡು ಯಾಕೆ, ಮುದುಕಿಯ ಕೆಮ್ಮು ಸಾಕಲ್ಲ ಎನ್ನುವುದು ಅವರ ವಾದ. ಮದ್ದು ಯಾವುದಾದರೇನು, ಜ್ವರ ಬಿಟ್ಟಿತೋ ಇಲ್ಲವೋ ಎಂದು ಇವರು. ಜ್ವರ ಬಿಟ್ಟಿದೆಯೋ, ರೋಗಿ ಸುಮ್ಮನೆ ಮಲಗಿದ್ದಾನೋ ಎಂದು ಅವರು. ಮೂರನೆಯ ಒಂದು ಕಾರಣ ಅಲ್ಲೇ ಕಟ್ಟೆಯ ತುದಿಯಲ್ಲಿ ಕೂತು ಊದಿದ ಹಿಮ್ಮಡಿ ನೀವಿಕೊಳ್ಳುತ್ತಿತ್ತು. ಅದು ಇಬ್ಬರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ ಬಿಡಿ.

ನಲವತ್ತೆರಡನೆಯ ದಿನ ಸಮಿತಿಯವರು ನಮ್ಮವರಿಗೆ ಸನ್ಮಾನ ಇಟ್ಟುಕೊಂಡರು. ಬೆಳಗಿನ ಹತ್ತು ಗಂಟೆಗೆ, ನಮ್ಮದೇ ಅಂಗಳದಲ್ಲಿ. ಬಾಯಿ ಬಿಗಿಹಿಡಿದುಕೊಂಡು ಊರೆಲ್ಲ ಬಂದಿತ್ತು. ಶಾಲು ಬಂತು, ಹಾರ ಬಂತು, ನಾಲ್ಕು ಮಾತು ಆಡಲಿಕ್ಕೆ ಹಂಪಣ್ಣ ಮಾಸ್ತರರನ್ನೇ ಕರೆದಿದ್ದರು, ಸೋಲು ಒಪ್ಪಿಕೊಳ್ಳಲಿ ಎಂದು. ತಿಪ್ಪೇಶಿ ಹಿತ್ತಲ ಬಾವಿಯಿಂದ ಬಂದವರಿಗೆ ನೀರು ಸೇದುತ್ತಿದ್ದ. ಗುಂಡು ಬೀದಿಯ ಬೇವಿನ ಮರದ ನೆರಳಿನಲ್ಲಿ ನಿಂತಿತ್ತು, ಅದೂ ನಮ್ಮೂರಿನದೇ ಒಂದು ಪ್ರಾಣಿಯಂತಾಗಿತ್ತು.

ನಾನು ಬೆಳಗಿನ ಜಾವದಿಂದ ಚಕ್ಕುಲಿ ಕರಿಯುತ್ತಿದ್ದೆ. ಎರಡು ಬುಟ್ಟಿ ತುಂಬಿ ಮೂರನೆಯದಕ್ಕೆ ಬಂದಿದ್ದೆ. ಬೆಂಕಿಯ ಝಳ, ಹೊರಗಿನ ಗದ್ದಲ, ಮೈಯೆಲ್ಲ ಬೆವರು. ನಮ್ಮವರು ಹೊಸ ಅಂಗಿ, ಕರಿ ಟೊಪ್ಪಿಗೆ ಹಾಕಿಕೊಂಡು ಕರೆ ಬರುವುದನ್ನೇ ಕಾಯುತ್ತ ಪಡಸಾಲೆಯಲ್ಲಿ ಶತಪಥ ತಿರುಗುತ್ತಿದ್ದರು. ಸಂತೋಷವಾದಾಗ ಅವರಿಗೆ ಹಸಿವಾಗುತ್ತದೆ. ಯಾವಾಗ ಒಳಗೆ ಬಂದರೋ ತಿಳಿಯಲಿಲ್ಲ, ನನ್ನ ಭುಜದ ಮೇಲಿಂದ ಒಂದು ಕೈ ಬಂದು ಬಿಸಿ ಚಕ್ಕುಲಿ ಎತ್ತಿಕೊಂಡಿತು. ಇಪ್ಪತ್ತೆಂಟು ವರ್ಷದ ರೂಢಿ. ತಿರುಗಿ ನೋಡಲೂ ಇಲ್ಲ, ನಗುತ್ತ "ಕಳ್ಳ" ಎಂದುಬಿಟ್ಟೆ.

ಅವರ ಕೈಯಲ್ಲಿ ಚಕ್ಕುಲಿ ಮುರಿಯಿತು.

ಕಿಟಕಿಯಲ್ಲಿ ನೋಡಿದೆ. ಬೇವಿನ ನೆರಳಿನಿಂದ ಅದು ಹೊರಟಿತ್ತು. ಜನ ಸರಿದು ದಾರಿ ಬಿಟ್ಟರು. ಮಾಸ್ತರರ ಮೂಗಿನ ಮುಂದಿನಿಂದ ಹಾದು, ಶಾಲು ಹಿಡಿದುಕೊಂಡವರನ್ನು ಬಳಸಿ, ಮೆಟ್ಟಿಲು ಹತ್ತಿತು. ಓಡಿಹೋಗಿ ಬಾಗಿಲು ಹಾಕಿ ಅಗುಳಿ ಜಡಿದೆ. ಆಚೆಯಿಂದ ಗುಂಯ್ ಎನ್ನುವ ಸದ್ದು ಬಾಗಿಲಿಗೆ ಮೂಗು ಹಚ್ಚಿ ನಿಂತಿತು. ಅಂಗಳದಲ್ಲಿ ಗುಸುಗುಸು ಎದ್ದಿತು. ಹಾಗಾದರೆ ಗಿರಣಿಯವನೇ ಅವನು. ತನ್ನ ಹಂಡೆ ತಾನೇ ಮಾರಿಕೊಂಡಿರಬೇಕು. ಉಳಿದ ನಾಲ್ಕು ಮನೆಯದೂ ಇವನದೇ ಕೆಲಸ. ನಲವತ್ತೆರಡು ದಿನ ಕಳವು ಯಾಕೆ ನಿಂತಿತ್ತು ಎಂಬುದು ಈಗ ತಿಳಿಯಿತಲ್ಲ ಎಂದು ಯಾರೋ ಲೆಕ್ಕ ಬಿಡಿಸಿದರು.

ನಮ್ಮವರಿಗೆ ಈಗ ಯಾವ ಕಡೆಯೂ ದಾರಿ ಇರಲಿಲ್ಲ. ಒಳಗೆ ಕೂತರೆ ಆ ಹೆಸರನ್ನು ಒಪ್ಪಿಕೊಂಡಂತೆ, ಹೊರಗೆ ಬಂದರೆ ಜೀವ ಹೋದಂತೆ, ಬಸ್ಸಿನ ಹಾದಿಯಲ್ಲಿ ಅವರದೇ ಕೈಬರಹದ ಹಲಗೆ. ನಾನು ಹೇಳಿಬಿಡುತ್ತೇನೆ, ಕರೆದವಳು ನಾನು ಎಂದರೆ ಮುಗಿಯಿತು ಎಂದು ಅಂಗಲಾಚಿದೆ. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಬ್ಯಾಡ. ಇಷ್ಟು ಮಂದಿ ಮುಂದ ನಗೆಗೇಡು ಮಾಡಬ್ಯಾಡ. ಮ್ಯಾಲ ನನ್ನ ಹೆಸರೂ ಹೇಳಬೇಕಾಕ್ಕತಿ ನೀ."

ಆಗ ಹಿತ್ತಲ ಬಾಗಿಲಲ್ಲಿ ಕೊಡ ಇಳಿಸಿದ ಸದ್ದಾಯಿತು. ತಿಪ್ಪೇಶಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ ಎಂದು ಮುಖವೇ ಹೇಳುತ್ತಿತ್ತು. ಹಿಮ್ಮಡಿ ಇನ್ನೂ ಊದಿತ್ತು, ಬಿರುಕಿನಲ್ಲಿ ಸುಣ್ಣ ಮೆತ್ತಿಕೊಂಡಿತ್ತು. ನಮ್ಮವರು ಆ ಕಾಲನ್ನು ನೋಡಿದರು, ಅದರ ಹಿಂದಿದ್ದ ಗೋಡೆಯನ್ನು ನೋಡಿದರು. ನಲವತ್ತೆರಡು ದಿನದ ಲೆಕ್ಕ ಅವರ ತಲೆಯಲ್ಲಿ ಕೂಡಿದ್ದು ನನಗೆ ಕಂಡಿತು. ಕಳವು ನಿಂತದ್ದು ಊರು ಹೆದರಿದ್ದಕ್ಕಲ್ಲ, ಇವನ ಕಾಲು ಉಳುಕಿದ್ದಕ್ಕೆ.

"ಹಂಡೆ ನಾನ ಒಯ್ದೀನ್ರಿ ಸಾವ್ಕಾರ್ರ," ಎಂದ ತಿಪ್ಪೇಶಿ. "ಕರಿಯೂದಿದ್ರ ಕರೀರಿ. ಆದ್ರ ಕಾಲು ಇನ್ನೂ ನೆಟ್ಟಗಾಗಿಲ್ಲ, ಅಗಸಿ ತನಕಾ ಓಡಾಕ ಆಗಾಂಗಿಲ್ಲ ನನಗ."

ಒಂದೇ ಒಂದು ಮಾತು. ಅವನನ್ನು ನೋಡಿ ಅದನ್ನು ಅಂದರೆ ಸಾಕು, ಗುಂಡು ಮನೆಯನ್ನು ಬಳಸಿ ಹಿತ್ತಲಿಗೆ ಬರುತ್ತಿತ್ತು. ಸುಳ್ಳೂ ಅಲ್ಲ. ಅವರು ಬಂದೂಕು ಇಳಿಸಿದ್ದೇ ಇವನಿಗಾಗಿ, ಸಮಿತಿ ಕಟ್ಟಿದ್ದೂ ಇವನಿಗಾಗಿಯೇ. ಸುಳ್ಳೇಕೆ ಹೇಳಲಿ, ನಾನು ದೇವರಿಗೆ ಹೆದರುವವಳು, ಆದರೂ ಆ ಗಳಿಗೆಯಲ್ಲಿ ಅಂದುಬಿಡಲಿ ಎಂದೇ ನನ್ನ ಮನಸ್ಸು ಹಾರೈಸಿತು. ನಮ್ಮವರು ಬಾಯಿ ತೆರೆದರು. "ಕ..." ಎಂದರು. ಮುಂಬಾಗಿಲಲ್ಲಿ ಗುಂಯ್ ಸದ್ದು ನಿಂತೇ ಹೋಯಿತು, ಅದು ಕಿವಿಗೊಟ್ಟಿತ್ತು. ತಿಪ್ಪೇಶಿ ಕಣ್ಣು ಮುಚ್ಚಿಕೊಂಡ.

"ಕ... ಕಾಲಿಗೆ ಎಣ್ಣಿ ಹಚ್ಚೀಯೋ ಇಲ್ಲೋ?" ಎಂದರು ನಮ್ಮವರು.

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ನನ್ನ ಕಡೆ ತಿರುಗಿ, ಇವನಿಗೆ ಸ್ವಲ್ಪ ಹರಳೆಣ್ಣೆ ಬಿಸಿ ಮಾಡಿ ಕೊಡು ಎಂದರು. ಟೊಪ್ಪಿಗೆ ಸರಿಮಾಡಿಕೊಂಡರು. ಆಮೇಲೆ ನೆಟ್ಟಗೆ ಮುಂಬಾಗಿಲಿಗೆ ಹೋಗಿ ಅಗುಳಿಗೆ ಕೈ ಹಾಕಿದರು. ನನಗೆ ಮಾವನವರ ಕಾಲದಲ್ಲಿ ಗುಂಡಿಗೆ ಸತ್ತ ಆ ಹಟಮಾರಿ ನೆನಪಾದ. ಹಟ ಅಷ್ಟೇ ಆಗಿದ್ದರೆ ಬೈದು ಕೂರಿಸುತ್ತಿದ್ದೆ. ಆದರೆ ಈಗತಾನೆ ಆ ಮನುಷ್ಯ ಒಂದು ಜೀವ ಉಳಿಸಿ ಬಂದಿದ್ದರು. ಅಷ್ಟು ವರ್ಷ ಸಂಸಾರ ಮಾಡಿದ್ದೆ, ಅವರ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಉಕ್ಕಿರಲಿಲ್ಲ. ಅಷ್ಟು ಸಿಟ್ಟೂ ಬಂದಿರಲಿಲ್ಲ. ಎರಡೂ ಕೈಯಿಂದ ಅವರನ್ನು ಪಕ್ಕಕ್ಕೆ ನೂಕಿ, ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತೆ. ಗುಂಡು ನನ್ನ ಹಣೆಯ ಎದುರಿಗಿತ್ತು, ಅದರಾಚೆ ಊರೆಲ್ಲ.

"ಯಪ್ಪಾ, ಆ ಮಾತು ಅಂದಾಕಿ ನಾನು," ಎಂದೆ. "ಮದುವ್ಯಾದ ವರ್ಷದಿಂದ ನಾನು ಇವರನ್ನ ಹಂಗ ಕರೀತೀನಿ. ಚಕ್ಕಲಿ ಕದ್ದು ತಿಂತಾರಂತ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಗುಂಡು ಅಲ್ಲಾಡಲಿಲ್ಲ. ಅದಕ್ಕೆ ಹೆಸರು ಬೇಕಿತ್ತು. ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಿವಿ ಹಿಂಡಿದ ನೋವು ಇನ್ನೂ ಕಿವಿಯಲ್ಲೇ ಇತ್ತು. ಇದಕ್ಕಿಂತ ಇನ್ನೆಷ್ಟು ಕಡಿಮೆಯಾದೀತು ಎಂದುಕೊಂಡು ಚಿಕ್ಕಮ್ಮನ ಒಡಪು ಶುರುಮಾಡಿದೆ. ಇದೇ ಹೊಸ್ತಿಲಲ್ಲಿ ಅರ್ಧಕ್ಕೆ ಬಿಟ್ಟದ್ದು. ಆದರೆ ಕೊನೆಯ ಸಾಲು ನನ್ನದೇ ಬಂತು.

"ಗಿರಣಿಗೆ ಚಂದ ಜ್ವಾಳದ ಹಿಟ್ಟು, ಹಣಿಗೆ ಚಂದ ಕುಂಕುಮದ ಬೊಟ್ಟು, ಗುರುಶಾಂತಪ್ಪನ ಮ್ಯಾಲ ನನಗ ಭಾಳ ಸಿಟ್ಟು."

ಗುಂಡು ಒಂದು ಗಳಿಗೆ ಗಾಳಿಯಲ್ಲೇ ತೂಗಿತು. ಆಮೇಲೆ ಹುಣಸೆಬೀಜ ಬಿದ್ದ ಹಾಗೆ ಟಕ್ ಎಂದು ನನ್ನ ಕಾಲ ಬಳಿ ಬಿತ್ತು. ಮೊದಲು ನಕ್ಕವರು ಹಂಪಣ್ಣ ಮಾಸ್ತರರು. ಆಮೇಲೆ ನಗು ಅಂಗಳ ತುಂಬಿ ಓಣಿಗೆ ಹರಿಯಿತು. ಸನ್ಮಾನದ ಶಾಲನ್ನು ಯಾರೋ ನನಗೇ ಹೊದಿಸಿದರು. ಮೂರು ಬುಟ್ಟಿ ಚಕ್ಕುಲಿ ಅರ್ಧ ಗಂಟೆಯಲ್ಲಿ ಖಾಲಿ.

ಊರು ನಗುವುದಕ್ಕೆ ನಾಲ್ಕು ದಿನ ಸಾಕಾಗಲಿಲ್ಲ, ತಿಂಗಳು ಹಿಡಿಯಿತು. ಬಂದೂಕು ಮತ್ತೆ ಗೋಡೆಗೇರಿತು, ಬಸ್ ಸ್ಟ್ಯಾಂಡಿನ ಹಲಗೆಯಲ್ಲಿ ಈಗ ಬಸ್ಸಿನ ವೇಳೆ ಬರೆದಿದ್ದಾರೆ. ಹದಿನೈದು ದಿನ ಬಿಸಿ ಹರಳೆಣ್ಣೆ ಹಚ್ಚಿ ನೀವಿದ್ದಕ್ಕೆ ತಿಪ್ಪೇಶಿಯ ಕಾಲು ಪೂರ್ತಿ ವಾಸಿಯಾಯಿತು, ಹದಿನಾರನೆಯ ದಿನ ಎದುರುಮನೆಯ ಕಲ್ಲವ್ವನ ಇಸ್ತ್ರಿಪೆಟ್ಟಿಗೆ ಹೋಯಿತು. ಆ ತಿಂಗಳು ಐದು ಕಳವು, ಹಿಂದಿನಷ್ಟೇ. ಗುಂಡಿನಿಂದ ಕಳವು ಕಡಿಮೆಯಾಗಿತ್ತೋ ಇಲ್ಲವೋ ಎಂದು ಕಟ್ಟೆಯ ಮೇಲೆ ಈಗಲೂ ವಾದ ನಡೆಯುತ್ತದೆ. ಸದ್ದಿಗೆ ಬೆದರಿದ್ದಕ್ಕೇ ತಾನೇ ಅವನು ಬಿದ್ದದ್ದು ಎಂದು ನಮ್ಮವರು ವಾದಿಸಬಹುದಿತ್ತು, ಆದರೆ ತಿಪ್ಪೇಶಿಯ ಹೆಸರು ತೆಗೆಯದೆ ಅದನ್ನು ಹೇಳುವುದು ಹೇಗೆ? ಸುಮ್ಮನೆ ಕೂತು ಮಾಸ್ತರರಿಗೆ ಗೆಲುವು ಬಿಟ್ಟುಕೊಡುತ್ತಾರೆ. ಜೋಳವನ್ನು ಮಾತ್ರ ಇನ್ನೂ ತರಿಯೇ ಬೀಸುತ್ತಾರೆ. ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ನಮ್ಮ ಹಂಡೆ ಬಂದು ಕೂತಿತ್ತು. ಒಳಗೆಲ್ಲ ಸುಣ್ಣ ಕಲಸಿದ ಗುರುತು.

ಗುಂಡನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟಿದ್ದೇನೆ. ಬಿಸಾಡುವುದಕ್ಕೆ ಧೈರ್ಯವಿಲ್ಲ, ಎಲ್ಲಿ ಬಿಸಾಡಿದರೂ ಅದಕ್ಕೆ ಕಿವಿ ಇದೆ. ಮೊನ್ನೆ ಚಕ್ಕುಲಿ ಕರಿಯುತ್ತಿದ್ದೆ. ಬಾಗಿಲಲ್ಲಿ ಹಿಟ್ಟಿನ ವಾಸನೆ ಬಂತು, ಭುಜದ ಮೇಲಿಂದ ಬಿಳಿ ಕೈ ಬಂತು. ಮಾತು ನನ್ನ ತುಟಿಯವರೆಗೆ ಬಂದೇಬಿಟ್ಟಿತ್ತು. ಮಾಡದಲ್ಲಿ ಸಾಸಿವೆ ಸರ್ ಎಂದು ಸರಿಯಿತು. ಆ ಮಾತನ್ನು ಹಾಗೇ ನುಂಗಿಕೊಂಡೆ. "ರೀ" ಎನ್ನಲಿಕ್ಕೆ ಮನಸ್ಸಾಗಲಿಲ್ಲ, ಅದು ನಾಲ್ಕು ಜನರ ಎದುರಿಗಿನ ಮಾತು. ಇನ್ನೇನು ಉಳಿದಿದೆ ಎಂದುಕೊಂಡು, ಒಡಪು ಗಿಡಪು ಇಲ್ಲದೆ, ಮೆಲ್ಲಗೆ "ಗುರುಶಾಂತಪ್ಪ" ಎಂದೆ.

ಅವರು ಚಕ್ಕುಲಿ ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿ ನೋಡಿದರು, ಯಾರೋ ಹೊರಗಿನವರು ಕರೆದರೆಂದು.